ಎರಡು ದೇಶಗಳ ಬೆಂಚಿನಲ್ಲಿ ನಾನು

ಒಬ್ಬ ಫುಟ್‌ಬಾಲ್ ಆಟಗಾರನಿಗಾಗಿ ಎರಡು ದೇಶಗಳು ಕಿತ್ತಾಡುವ ಸುದ್ದಿ ಕ್ರೀಡಾಪುಟಗಳಲ್ಲಿ ಆಗಾಗ ಬರುತ್ತದೆ. ಅಪ್ಪ ಒಂದು ದೇಶದವರು, ಅಮ್ಮ ಇನ್ನೊಂದು ದೇಶದವರು, ಹುಡುಗ ಹುಟ್ಟಿದ್ದು ಎಲ್ಲೋ, ಬೆಳೆದದ್ದು ಎಲ್ಲೋ. ಅವನು ಕೊನೆಗೆ ಯಾವ ಜೆರ್ಸಿ ತೊಡುತ್ತಾನೆ ಎಂದು ಎರಡೂ ಕಡೆಯ ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ಅಂಥ ಸುದ್ದಿ ಓದಿದಾಗಲೆಲ್ಲ ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ಆ ಸಂಕಟ ನನಗೆ ಗೊತ್ತು, ನಾನೂ ಅನುಭವಿಸಿದವನು. ವ್ಯತ್ಯಾಸ ಇಷ್ಟೇ: ಅವರ ಎರಡು ದೇಶಗಳ ನಡುವೆ ಒಂದು ಸಮುದ್ರವಾದರೂ ಇರುತ್ತದೆ, ನನ್ನ ಎರಡು ದೇಶಗಳ ನಡುವೆ ಇದ್ದದ್ದು ಯಶವಂತಪುರದ ಟ್ರಾಫಿಕ್ಕು. ಮತ್ತೆ, ಅವರಿಗೆ ಚೆಂಡು ಒದೆಯಲು ಬರುತ್ತದೆ.

ನನಗೆ ಬರುವುದು ಎಣಿಸುವುದು. ಹತ್ತನೇ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಸಂಖ್ಯೆ ಜಾಸ್ತಿ. ಯಾವ ದಿನ ಎಷ್ಟು ಸಲ ಕರೆಂಟು ಹೋಯಿತು, ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಎಷ್ಟು ನಿಮಿಷ ನಿಂತಿತು, ಅಮ್ಮ ನನ್ನನ್ನು ಎಷ್ಟು ಸಲ ‘ದಂಡಪಿಂಡ’ ಎಂದರು, ಎಲ್ಲಕ್ಕೂ ಗೀಟು ಹಾಕಿ ಲೆಕ್ಕವಿಟ್ಟಿದ್ದೇನೆ. ಫುಟ್‌ಬಾಲಿಗೆಂದೇ ಕೊನೆಯ ಇಪ್ಪತ್ತು ಪುಟ ಬಿಟ್ಟಿದ್ದೇನೆ. ಅದರ ಪ್ರಕಾರ, ಈ ಕಥೆ ಶುರುವಾಗುವ ಹೊತ್ತಿಗೆ ನಾನು ಕಾಲೇಜಿನ ಮೈದಾನದಲ್ಲಿ ಮೂವತ್ತೊಂದು ಪಂದ್ಯ ಆಡಿದ್ದೆ, ಎರಡು ಗೋಲು ಹೊಡೆದಿದ್ದೆ. ಎರಡರಲ್ಲಿ ಒಂದು ಗೋಲು ಹೊಡೆದಾಗ ಎದುರಾಳಿ ಗೋಲ್‌ಕೀಪರ್ ಫೋನಿನಲ್ಲಿ ಮಾತಾಡುತ್ತಿದ್ದ. ಅದನ್ನೂ ಬರೆದಿಟ್ಟಿದ್ದೇನೆ. ಎಣಿಸುವವನಿಗೆ ಪ್ರಾಮಾಣಿಕತೆ ಇರಬೇಕು. ಬುದ್ಧಿಯೂ ಇರಬೇಕು ಎಂದು ಆಗಿನ್ನೂ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ಯಾರನ್ನೇ ಹೊಸದಾಗಿ ಪರಿಚಯ ಮಾಡಿಕೊಂಡರೂ ಹೆಸರು ಕೇಳಿದ ಮೇಲೆ ಬರುವ ಪ್ರಶ್ನೆ ಒಂದೇ: ‘ನಿಮ್ ನೇಟಿವ್ ಯಾವ್ದು?’ ಇಲ್ಲೇ ಹುಟ್ಟಿ, ಇಲ್ಲೇ ಓದಿ, ಇಲ್ಲೇ ಕೂದಲು ಉದುರಿಸಿಕೊಂಡವರೂ ಆ ಪ್ರಶ್ನೆಗೆ ಬೇರೊಂದು ಊರಿನ ಹೆಸರು ಹೇಳುತ್ತಾರೆ. ಮಾಕಳಿಯಲ್ಲಿ ಒಂದು ಟರ್ಫ್ ಇದೆ. ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಅಂಗಳ. ಅದನ್ನು ನೋಡಿಕೊಳ್ಳುವವರು ರಿಟೈರಾದ ಪಿ.ಟಿ. ಮೇಷ್ಟ್ರೊಬ್ಬರು. ಅವರು ಈ ನೇಟಿವ್ ಪ್ರಶ್ನೆಯನ್ನೇ ಹಿಡಿದು ಒಂದು ಪಂದ್ಯಾವಳಿ ಹುಟ್ಟಿಹಾಕಿದರು. ಒಂದೊಂದು ಕಡೆಗೆ ಐದು ಜನ, ಹದಿನೈದು ನಿಮಿಷದ ಎರಡು ಅರ್ಧ, ನಾಲ್ಕು ತಂಡ: ಲೋಕಲ್, ಉತ್ತರ ಕರ್ನಾಟಕ, ಕರಾವಳಿ, ಕೇರಳ. ನಾಲ್ಕನ್ನೂ ಅವರು ‘ನ್ಯಾಷನಲ್ ಟೀಮ್’ ಎಂದೇ ಕರೆಯುತ್ತಿದ್ದರು. ನಗುತ್ತಾ ಅಲ್ಲ, ಸೀಟಿ ಕೊರಳಿಗೆ ಹಾಕಿಕೊಂಡು.

ನಿಯಮಗಳೂ ಹಾಗೇ ಇದ್ದವು. ಪ್ರತಿ ತಂಡ ಏಳು ಹೆಸರು ಕೊಡಬೇಕು, ಅದರಲ್ಲಿ ಒಬ್ಬನಾದರೂ ಇಪ್ಪತ್ತೆರಡು ವರ್ಷದೊಳಗಿನವನಿರಬೇಕು. ಅಪ್ಪನ ನೇಟಿವ್ ಅಥವಾ ಅಮ್ಮನ ನೇಟಿವ್, ಎರಡರಲ್ಲಿ ಯಾವುದಾದರೂ ಆಗಬಹುದು. ಆದರೆ ಒಂದು ತಂಡದ ಪರವಾಗಿ ಒಮ್ಮೆ ಆಟಕ್ಕಿಳಿದರೆ ಮುಗಿಯಿತು. ‘ಕಾಲು ಹುಲ್ಲಿಗೆ ತಾಗಿದ್ರೆ ಅದೇ ನಿನ್ ನೇಟಿವ್. ಸಾಯೋವರ್ಗೂ’ ಎಂದು ಮೇಷ್ಟ್ರು ಹೇಳಿದ್ದನ್ನು ನಾನು ಜನವರಿ ಹನ್ನೆರಡರ ಭಾನುವಾರದ ಪುಟದಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆ.

ನನ್ನ ಅಪ್ಪ ಬಾಗಲಕೋಟೆ ಕಡೆಯವರು. ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ಅಮ್ಮನ ಮನೆಯವರು ಗಂಗಾನಗರ ಬಡಾವಣೆಯಾಗುವ ಮೊದಲೇ ಅಲ್ಲಿ ರಾಗಿ ಬೆಳೆಯುತ್ತಿದ್ದವರು. ಮದುವೆಯಾದ ಮೇಲೆ ಅಪ್ಪ ಅಮ್ಮನ ತವರುಮನೆಯ ಮಹಡಿಗೆ ಬಂದು ನೆಲೆಸಿದರು. ಕೆಳಗೆ ಅಜ್ಜಿ, ಸೋದರಮಾವ. ಮೇಲೆ ನಾವು ಮೂವರು. ಇಪ್ಪತ್ಮೂರು ವರ್ಷವಾದರೂ ಅಜ್ಜಿ ಅಪ್ಪನನ್ನು ಅಳಿಯ ಎಂದದ್ದು ನನಗೆ ನೆನಪಿಲ್ಲ. ಅಜ್ಜಿಯ ಬಾಯಲ್ಲಿ ಅಪ್ಪ ಎಂದೆಂದೂ ‘ಆ ಕಡೆಯೋರು’. ‘ಆ ಕಡೆಯೋರು ಬಂದ್ರಾ? ಗೇಟು ಇಂಗೆ ತೆಗ್ದೇ ಬುಟ್ಟವ್ರೆ ನೋಡು’ ಎನ್ನುವುದು ಸಂಜೆ ಆರೂವರೆಗೆ ಕೆಳಗಿನಿಂದ ಕೇಳುವ ದಿನನಿತ್ಯದ ಮಾತು. ಅಜ್ಜಿಗೆ ಅಪ್ಪನ ಮೇಲೆ ಸಿಟ್ಟೇನಿಲ್ಲ. ಅಭ್ಯಾಸ, ಅಷ್ಟೇ.

ಅಪ್ಪನ ಅಭ್ಯಾಸ ಇನ್ನೊಂದು ರೀತಿಯದು. ಅವರು ಯಾರ ಬಳಿಯೂ ಏನನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಉಪ್ಪಿನ ಡಬ್ಬಿಯನ್ನು ನೋಡುತ್ತಾ ಕೂರುತ್ತಾರೆ. ಅಮ್ಮನಿಗೆ ಕಂಡರೆ ಉಪ್ಪು ಬರುತ್ತದೆ, ಇಲ್ಲದಿದ್ದರೆ ಸಪ್ಪೆ ಸಾರು ಮುಗಿಯುತ್ತದೆ.

ಲೋಕಲ್ ತಂಡ ಕಟ್ಟಿದವರು ನನ್ನ ಮಾವ. ಹೆಬ್ಬಾಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ನಲವತ್ತಾರು ವರ್ಷ. ಕಾಲೇಜಿನಲ್ಲಿ ಸೆಂಟರ್ ಫಾರ್ವರ್ಡ್ ಆಗಿದ್ದರಂತೆ, ಈಗಲೂ ಅದೇ ಎಂದು ತಿಳಿದುಕೊಂಡಿದ್ದಾರೆ. ನೋಟಿಸು ಬಂದ ದಿನವೇ ಮೆಟ್ಟಿಲು ಹತ್ತಿ ಮೇಲೆ ಬಂದರು.

‘ಅಳಿಯಾ, ನೀನ್ ನಮ್ ಟೀಮು. ಫಿಕ್ಸ್.’

ನಾನು ಪತ್ರಿಕೆಗಳಲ್ಲಿ ಓದಿದ್ದ ಆಟಗಾರರ ಹಾಗೆ ಮುಖ ಮಾಡಿಕೊಂಡು, ‘ಯೋಚನೆ ಮಾಡ್ತೀನಿ ಮಾವ’ ಎಂದೆ.

‘ಯೋಚ್ನೆ ಏನೋ ಮಾಡ್ತೀಯ? ಹುಟ್ಟಿದ್ದ್ ಇಲ್ಲಿ, ಬೆಳ್ದಿದ್ದ್ ಇಲ್ಲಿ, ತಿಂದಿದ್ದ್ ನಮ್ ರಾಗಿ. ನಮ್ ಮಣ್ಣಿನ್ ಮಗ ಕಣೋ ನೀನು.’

ಮಣ್ಣು ಎಂದಾಗ ಅವರು ನಮ್ಮ ಮನೆಯ ವಿಟ್ರಿಫೈಡ್ ಟೈಲ್ಸ್ ಕಡೆ ಕೈ ತೋರಿಸಿದರು. ನಾನು ಡೈರಿ ತೆಗೆದು ‘ಕೇಳಿದ್ದು’ ಎಂಬ ಒಂದು ಹೊಸ ಕಾಲಂ ಹಾಕಿದೆ. ಅದರಡಿ ಎರಡು ಮನೆ: ಅಮ್ಮನ ಕಡೆ, ಅಪ್ಪನ ಕಡೆ. ಮಾವನ ಹೆಸರಿಗೆ ಮೊದಲ ಗೀಟು ಬಿತ್ತು.

ಮುಂದಿನ ಎರಡೂವರೆ ವಾರದಲ್ಲಿ ಮಾವ ನನ್ನನ್ನು ಹದಿನಾಲ್ಕು ಸಲ ಕೇಳಿದರು. ಫೋನಿನಲ್ಲಿ ಆರು, ಮೆಟ್ಟಿಲ ಮೇಲೆ ಐದು, ಒಂದು ಸಲ ಮಸಾಲೆದೋಸೆ ಕೊಡಿಸುತ್ತಾ, ಒಂದು ಸಲ ಬಾತ್‌ರೂಮಿನ ಬಾಗಿಲು ಬಡಿದು, ಒಂದು ಸಲ ಅಜ್ಜಿಯ ಮೂಲಕ. ಅಜ್ಜಿ ‘ಅದೇನೋ ಚೆಂಡಾಟಕ್ಕೆ ನೀನಿಲ್ದಿದ್ರೆ ಆಗಾಕಿಲ್ವಂತೆ, ಓಗೋ ಅತ್ಲಾಗೆ’ ಎಂದರು. ನನಗೆ ಒಳಗೊಳಗೆ ಹಿಗ್ಗು. ನನ್ನ ಆಟದಲ್ಲಿ ನನಗೇ ಕಾಣದ ಏನೋ ಒಂದು ಮಾವನ ಅನುಭವದ ಕಣ್ಣಿಗೆ ಕಂಡಿರಬೇಕು ಎಂದುಕೊಂಡೆ. ಕನ್ನಡಿಯ ಮುಂದೆ ನಿಂತು ಪಕ್ಕದಿಂದ ಹೇಗೆ ಕಾಣುತ್ತೇನೆ ಎಂದು ನೋಡಿಕೊಂಡೆ. ಇದಕ್ಕೂ ಗೀಟು ಇದೆ: ಮೂರು ಸಲ.

ಉತ್ತರ ಕರ್ನಾಟಕದ ತಂಡ ಕಟ್ಟಿದವರು ಟಿ. ದಾಸರಹಳ್ಳಿಯಲ್ಲಿ ಒಂದೇ ರೂಮಿನಲ್ಲಿರುವ ಆರು ಜನ. ಎಲ್ಲ ಪೀಣ್ಯದ ಬೇರೆ ಬೇರೆ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು. ಗೋಲ್‌ಕೀಪರ್ ಆಗುವವನು ನಿಜದಲ್ಲಿ ಕಬಡ್ಡಿ ಆಟಗಾರ. ಅಪ್ಪ ಅವರೆಲ್ಲರಿಗೂ ‘ಕಾಕಾ’. ಫುಟ್‌ಬಾಲಿನ ಬಗ್ಗೆ ಅಪ್ಪನಿಗೆ ಗೊತ್ತಿದ್ದದ್ದು ಚೆಂಡು ಗುಂಡಗಿರುತ್ತದೆ ಎಂಬುದು ಮಾತ್ರ. ಆದರೂ ಅವರನ್ನೇ ಮ್ಯಾನೇಜರ್ ಮಾಡಿದರು. ಅಪ್ಪ ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ದಾಸರಹಳ್ಳಿಗೆ ಹೋಗತೊಡಗಿದರು. ಯಾವತ್ತೂ ಶಿಳ್ಳೆ ಹಾಕದವರು ಮೆಟ್ಟಿಲಿಳಿಯುವಾಗ ಶಿಳ್ಳೆ ಹಾಕಿದ್ದನ್ನು ಎರಡು ಸಲ ದಾಖಲಿಸಿದ್ದೇನೆ.

ಆದರೆ ನನ್ನನ್ನು ಅವರು ಕೇಳಲಿಲ್ಲ. ಆರು ಜನ ಇದ್ದಾರೆ, ಏಳು ಬೇಕು, ಮನೆಯಲ್ಲೇ ಒಬ್ಬ ಮಗ ಕೂತಿದ್ದಾನೆ. ಕೇಳಲಿಲ್ಲ. ನಾನೇ ದಾರಿ ಮಾಡಿಕೊಟ್ಟೆ.

‘ಅಪ್ಪ, ನಿಮ್ಮ ಟೀಮ್ ಹೇಗಿದೆ?’

‘ಛಲೋ ಐತಿ.’

‘ಜನ ಸಾಕಾ?’

‘ನೋಡೂನು.’

‘ಮಾವ ನನ್ನ ಕರೀತಿದ್ದಾರೆ.’

‘ಹೌದೇನು? ನಿನಗ ಎಲ್ಲಿ ಆಡಬೇಕನಸ್ತೈತಿ ಅಲ್ಲೇ ಆಡು ತಮ್ಮಾ.’

ಅಪ್ಪನ ಕಡೆಯ ಮನೆ ಖಾಲಿಯೇ ಉಳಿಯಿತು. ನನಗೆ ಸ್ವಲ್ಪ ಅವಮಾನವೂ ಆಯಿತು. ಒಬ್ಬ ಆಟಗಾರನನ್ನು ಒಂದು ದೇಶ ಇಷ್ಟೊಂದು ಉದಾಸೀನ ಮಾಡಬಾರದು.

ಇಲ್ಲಿ ಡೈರಿಯ ಎರಡು ನಮೂದುಗಳನ್ನು ಹಾಗೆಯೇ ಕೊಡುತ್ತೇನೆ. ಜನವರಿ ಇಪ್ಪತ್ತು, ಸೋಮವಾರ: ‘ನೀಲಿ ಟೀ ಶರ್ಟ್ ಕಾಣೆ. ಅಮ್ಮ ನೋಡಿಲ್ಲ ಎನ್ನುತ್ತಾರೆ.’ ಇಪ್ಪತ್ತೆರಡು, ಬುಧವಾರ: ‘ನೀಲಿ ಟೀ ಶರ್ಟ್ ಸಿಕ್ಕಿತು. ಬೀರುವಿನಲ್ಲೇ ಇತ್ತು. ಯಾರೋ ಚೆನ್ನಾಗಿ ಮಡಚಿಟ್ಟಿದ್ದಾರೆ.’ ಬರೆದೆ, ಪುಟ ತಿರುವಿದೆ.

ತೀರ್ಮಾನವನ್ನು ಭಾವಾವೇಶದಿಂದ ತೆಗೆದುಕೊಳ್ಳಬಾರದು ಎಂದು ನೂರು ಅಂಕಗಳ ಒಂದು ಪಟ್ಟಿ ಮಾಡಿದೆ. ವರ್ಷಕ್ಕೆ ಎಷ್ಟು ದಿನ ಮುದ್ದೆ, ಎಷ್ಟು ದಿನ ರೊಟ್ಟಿ. ಇಪ್ಪತ್ತೊಂದು ವರ್ಷದಲ್ಲಿ ಅಪ್ಪನ ಊರಿನಲ್ಲಿ ಕಳೆದದ್ದು ಒಟ್ಟು ಐವತ್ತೇಳು ದಿನ, ಅದರಲ್ಲಿ ಹೊಟ್ಟೆ ಕೆಟ್ಟು ಮಲಗಿದ್ದು ಎಂಟು. ಕಾಲಿಗೆ ಬಾಗಿಲು ತಗುಲಿದರೆ ಬಾಯಿಂದ ಬರುವ ಮೊದಲ ಮಾತು ಯಾವ ಕಡೆಯದು ಎಂದು ಐದು ಸಲ ಪರೀಕ್ಷಿಸಿದೆ. ಮೂರು ಸಲ ತಾನಾಗಿ ತಗುಲಿತು, ಎರಡು ಸಲ ನಾನೇ ತಗುಲಿಸಿಕೊಂಡೆ. ಐದು ಸಲವೂ ‘ಅಮ್ಮಾ’ ಎಂದೇ ಬಂತು. ಅದನ್ನು ಅಮ್ಮನ ಕಡೆಗೆ ಹಾಕಬಹುದೇ ಎಂದು ಒಂದು ಇಡೀ ಸಂಜೆ ಯೋಚಿಸಿ, ಹಾಕಿದೆ. ‘ಕೇಳಿದ್ದು’ ಎಂಬ ಕಾಲಮ್ಮಿಗೆ ಹೆಚ್ಚು ತೂಕ ಕೊಟ್ಟೆ. ಬೇಕು ಎಂದು ಕರೆಯುವವರ ಕಡೆಗಲ್ಲವೇ ಹೋಗಬೇಕಾದದ್ದು? ಕೊನೆಗೆ ಅಮ್ಮನ ಕಡೆ ಅರವತ್ತೊಂದು, ಅಪ್ಪನ ಕಡೆ ಮೂವತ್ತೆಂಟು. ಒಂದು ಅಂಕವನ್ನು ಯಾರಿಗೂ ಕೊಡದೆ ಉಳಿಸಿಕೊಂಡೆ, ನಾನು ನಿಷ್ಪಕ್ಷಪಾತಿ ಎಂದು ತೋರಿಸಲು.

ಪಟ್ಟಿ ಕೊಡಲು ಜನವರಿ ಮೂವತ್ತೊಂದು, ಶುಕ್ರವಾರ ಕೊನೆಯ ದಿನ. ಸಂಜೆ ಏಳಕ್ಕೆ ನಮ್ಮ ಊಟದ ಟೇಬಲ್ಲಿನ ಮೇಲೆ ನಾನು ಒಂದು ಪತ್ರಿಕಾಗೋಷ್ಠಿ ಇಟ್ಟುಕೊಂಡೆ. ದೊಡ್ಡ ಆಟಗಾರರು ಹಾಗೇ ಮಾಡುತ್ತಾರೆ: ಎರಡೂ ಜೆರ್ಸಿಗಳನ್ನು ಮುಂದಿಟ್ಟುಕೊಂಡು, ಒಂದನ್ನು ಎತ್ತಿ ತೋರಿಸುತ್ತಾರೆ. ಮಾವನಿಂದ ಬಿಳಿ ಜೆರ್ಸಿ ತರಿಸಿದೆ, ನಂಬರ್ ಹದಿನಾಲ್ಕು. ಅಪ್ಪನಿಗೆ ‘ನಿಮ್ಮದೂ ಒಂದು ಬೇಕು, ಸುಮ್ಮನೆ ಪಕ್ಕದಲ್ಲಿಡೋಕೆ’ ಎಂದಿದ್ದೆ. ಅಪ್ಪ ಕೆಲಸ ಮುಗಿಸಿ ಬರುವಾಗ ಹಳೆಯ ಪೇಪರಿನಲ್ಲಿ ಸುತ್ತಿದ್ದ ಒಂದನ್ನು ತಂದು ಟೇಬಲ್ಲಿನ ಮೇಲಿಟ್ಟರು. ಮರೂನ್ ಬಣ್ಣ, ಬೆನ್ನಿಗೆ ಒಂಬತ್ತು. ನಾನು ಅದನ್ನು ಬಿಡಿಸಿ ನೋಡಲೂ ಇಲ್ಲ, ಹಾಗೇ ಎಡಕ್ಕೆ ಸರಿಸಿದೆ. ಒಂದೂವರೆ ಪುಟದ ಭಾಷಣ ತೆಗೆದೆ.

ಹಾಜರಿದ್ದ ಪತ್ರಕರ್ತರು ಮೂವರು: ಅಪ್ಪ, ಮಾವ, ಅಮ್ಮ. ಅಮ್ಮನ ತೊಡೆಯ ಮೇಲೆ ಎರಡು ಕೆಜಿ ಅವರೆಕಾಯಿಯ ಚೀಲ.

‘ನನ್ನ ಬದುಕಿನಲ್ಲಿ ಇದು ಬಹಳ ಕಠಿಣವಾದ...’ ಎಂದು ಶುರು ಮಾಡಿದೆ.

‘ಬೇಗ ಹೇಳೋ’ ಎಂದರು ಅಮ್ಮ. ‘ಟೇಬಲ್ ಖಾಲಿ ಮಾಡು, ಕಾಯಿ ಸುರ್ಕೋಬೇಕು. ಬೆಳಿಗ್ಗೆಗೆ ಹಿತಕಬೇಳೆ ಸಾರು.’

‘ಅಮ್ಮ, ಒಂದು ನಿಮಿಷ. ನನ್ನ ಬದುಕಿನಲ್ಲಿ...’

‘ಇಪ್ಪತ್ತೊಂದ್ ವರ್ಷದ್ ಬದುಕು, ಅದ್ರಲ್ ಹತ್ ವರ್ಷ ನಾನೇ ಚಡ್ಡಿ ಹಾಕಿದ್ದೀನಿ. ಮುಂದಕ್ಕ್ ಹೇಳು.’

ಮಾವ ಬಿದ್ದು ಬಿದ್ದು ನಕ್ಕರು. ಭಾಷಣದ ಒಂದೂಕಾಲು ಪುಟ ಹಾರಿಸಿ, ನಾನು ಬಿಳಿ ಜೆರ್ಸಿ ಎತ್ತಿದೆ. ಮಾವ ಚಪ್ಪಾಳೆ ತಟ್ಟಿ, ಕೂಡಲೇ ಜೇಬಿನಿಂದ ಪಟ್ಟಿ ತೆಗೆದು, ‘ಡೇಟ್ ಆಫ್ ಬರ್ತ್ ಹೇಳು’ ಎಂದರು. ಹೇಳಿದೆ. ಬರೆದುಕೊಂಡು ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದುಹೋದರು. ಅಪ್ಪ ‘ಛಲೋ ಆತು’ ಎಂದರು. ಮರೂನ್ ಜೆರ್ಸಿಯ ಪೇಪರನ್ನು ಮತ್ತೆ ಮೊದಲಿದ್ದ ಮಡಿಕೆಗೇ ಮಡಚಿ, ಅವರೆಕಾಯಿಗೆ ಜಾಗ ಮಾಡಿಕೊಟ್ಟು, ಫೋನ್ ಹಿಡಿದು ಬಾಲ್ಕನಿಗೆ ಹೋದರು.

ಅವರು ಯಾಕೆ ಫೋನ್ ಮಾಡಿದರು ಎಂಬುದು ಭಾನುವಾರ ಗೊತ್ತಾಯಿತು. ಟರ್ಫಿನ ಕಂಬಕ್ಕೆ ನಾಲ್ಕೂ ತಂಡಗಳ ಪಟ್ಟಿ ಅಂಟಿಸಿದ್ದರು. ಉತ್ತರ ಕರ್ನಾಟಕದ ಪಟ್ಟಿಯಲ್ಲಿ ಏಳನೆಯ ಹೆಸರು ಅಪ್ಪನದು. ವಯಸ್ಸಿನ ಕಾಲಮ್ಮಿನಲ್ಲಿ ಐವತ್ತೆರಡು.

‘ಪಟ್ಟಿ ತುಂಬಸಾಕ ಅಷ್ಟ’ ಎಂದರು ಅಪ್ಪ, ನಾನು ಕೇಳುವ ಮೊದಲೇ. ಅವತ್ತು ಅವರು ಗೆರೆಯಾಚೆ ನೀರಿನ ಕ್ಯಾನ್ ಹಿಡಿದು ನಿಂತು, ತಮ್ಮ ಹುಡುಗರು ಸೊನ್ನೆ–ಐದರಿಂದ ಸೋತದ್ದನ್ನು ನೋಡಿದರು. ನಾನು ಇನ್ನೊಂದು ಪಂದ್ಯದಲ್ಲಿ ಬೆಂಚಿನ ಮೇಲೆ ಕೂತು ಮಾವನ ತಂಡ ಗೆದ್ದದ್ದನ್ನು ನೋಡಿದೆ. ಆಡಿದ ನಿಮಿಷ: ಸೊನ್ನೆ. ಎಸೆದ ನೀರಿನ ಬಾಟಲಿ: ಒಂಬತ್ತು. ಎರಡನೇ ಭಾನುವಾರ, ಫೆಬ್ರವರಿ ಒಂಬತ್ತು: ನಿಮಿಷ ಸೊನ್ನೆ, ಬಾಟಲಿ ಹನ್ನೊಂದು. ನನ್ನ ಆಟ ಸುಧಾರಿಸುತ್ತಿತ್ತು.

ಅವತ್ತು ಪಂದ್ಯ ಮುಗಿದ ಮೇಲೆ ಮಾವನನ್ನು ಕೇಳಿಯೇಬಿಟ್ಟೆ.

‘ಮಾವ, ನಾನ್ ಯಾವಾಗ ಇಳಿಯೋದು?’

ಮಾವ ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ಅಚ್ಚರಿಯಿಂದ ನೋಡಿದರು. ‘ಎಲ್ಲಿಗೆ?’

‘ಆಡೋಕೆ.’

‘ಅಯ್ಯೋ ಅಳಿಯಾ, ನಿನ್ ಕೆಲ್ಸ ಪಟ್ಟೀಲೇ ಮುಗೀತಲ್ಲೋ. ನಮ್ದು ಎಲ್ಲಾ ಮೂವತ್ತೈದ್ ದಾಟಿರೋ ಗಿರಾಕಿಗಳು. ಇಪ್ಪತ್ತೆರಡರೊಳಗೆ ಒಬ್ಬ ಬೇಕಿತ್ತು. ಎದುರುಮನೆ ಹುಡ್ಗ ಎಕ್ಸಾಮ್ ಅಂತ ಕೈ ಕೊಟ್ಟ. ನೀನ್ ಸಿಕ್ದೆ.’ ಮತ್ತೆ ನನ್ನ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿರಬೇಕು, ‘ಬಾಟ್ಲಿ ಚೆನ್ನಾಗ್ ಎಸೀತೀಯ ಗುರು’ ಎಂದು ಸೇರಿಸಿದರು.

ಹದಿನಾಲ್ಕು ಗೀಟುಗಳೂ ನನ್ನ ಜನ್ಮದಿನಾಂಕಕ್ಕೆ ಸಂದವು ಎಂದು ಅವತ್ತಿನ ಪುಟದಲ್ಲಿ ತಿದ್ದುಪಡಿ ಹಾಕಿದೆ. ಬೇರೆ ಯಾವ ಸಾಧನೆಯೂ ಇಲ್ಲದೆ, ಹುಟ್ಟಿದ ಕಾರಣಕ್ಕೇ ರಾಷ್ಟ್ರೀಯ ತಂಡ ಸೇರಿದವನು ನಾನು.

ಮೂರನೇ ಭಾನುವಾರ, ಫೆಬ್ರವರಿ ಹದಿನಾರು. ಕೊನೆಯ ಪಂದ್ಯ ಮಾವನ ತಂಡಕ್ಕೂ ಅಪ್ಪನ ತಂಡಕ್ಕೂ. ಮಾವನವರು ಎರಡೂ ಗೆದ್ದು ಆಗಲೇ ಫೈನಲ್ ತಲುಪಿದ್ದರು. ಅಪ್ಪನವರು ಎರಡೂ ಸೋತಿದ್ದರು. ಪಂದ್ಯದಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಆದರೆ ನಾವು ಹೋದಾಗ ಮರೂನ್ ಜೆರ್ಸಿಯವರು ನಾಲ್ಕೇ ಜನ ನಿಂತಿದ್ದರು. ಒಬ್ಬನಿಗೆ ಕಾರ್ಖಾನೆಯಲ್ಲಿ ದಿಢೀರನೆ ಓವರ್‌ಟೈಮ್ ಹಾಕಿದ್ದರು, ಇನ್ನೊಬ್ಬ ಹಿಂದಿನ ವಾರ ಕಾಲು ಉಳುಕಿಸಿಕೊಂಡು ರೂಮಿನಲ್ಲಿ ಮಲಗಿದ್ದ.

ಮೇಷ್ಟ್ರು ಗಡಿಯಾರ ನೋಡಿದರು. ‘ಐದ್ ಜನ ಇಲ್ಲಾಂದ್ರೆ ವಾಕ್‌ಓವರ್ ಕಣ್ರೀ. ವಾಕ್‌ಓವರ್ ಕೊಟ್ಟ ಟೀಮಿಗೆ ಮುಂದಿನ್ ವರ್ಷ ಇಲ್ಲಿ ಜಾಗ ಇಲ್ಲ. ರೂಲು ರೂಲೇ.’

ಕಬಡ್ಡಿಯ ಗೋಲ್‌ಕೀಪರ್ ನಕ್ಕ. ‘ಐದು ಮಂದಿ ಅದೀವಿ ಸರ್. ಕಾಕಾ ಅಂಗಿ ಹಾಕ್ಕೊಳ್ಳಾಕ ಹೋಗ್ಯಾರ.’

ಟಾಯ್ಲೆಟ್ಟಿನ ಹಿಂದಿನಿಂದ ಅಪ್ಪ ಬಂದರು. ಮಾವನ ತಂಡದವರು ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದುಕೊಂಡರು. ಅಪ್ಪ ಕಾರ್ಖಾನೆಯ ನೀಲಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದ್ದರು. ಕಾಲಿಗೆ ಕ್ಯಾನ್ವಾಸ್ ಶೂ. ಮೇಲೆ ಆ ಮರೂನ್ ಜೆರ್ಸಿ. ಹೊಟ್ಟೆಯ ಹತ್ತಿರ ಡೋಲಿನ ಚರ್ಮದ ಹಾಗೆ ಬಿಗಿದುಕೊಂಡು, ತೋಳು ಭುಜದಲ್ಲೇ ನಿಂತುಬಿಟ್ಟಿತ್ತು. ಬೆನ್ನ ಮೇಲಿನ ಒಂಬತ್ತು ಅಡ್ಡಕ್ಕೆ ಹಿಗ್ಗಿ ಗುರುತು ಹತ್ತದಂತಾಗಿತ್ತು. ಕುತ್ತಿಗೆಯ ಹಿಂದೆ ಸೈಜಿನ ಪಟ್ಟಿ ಹೊರಗೆ ಮಗುಚಿಕೊಂಡಿತ್ತು: ಎಂ.

ಅಪ್ಪನ ಸೈಜು ಡಬಲ್ ಎಕ್ಸೆಲ್. ನಮ್ಮ ಮನೆಯಲ್ಲಿ ಎಂ ಹಾಕುವವನು ನಾನೊಬ್ಬನೇ. ನನ್ನ ನೀಲಿ ಟೀ ಶರ್ಟು ಎರಡು ದಿನ ಎಲ್ಲಿಗೆ ಹೋಗಿತ್ತು ಎಂದು ಆಗ ತಲೆಗೆ ಹೊಳೆಯಿತು. ದಾಸರಹಳ್ಳಿಯ ಅಂಗಡಿಗೆ, ಅಳತೆಗೆ. ಮಾವ ಐದೋ ಆರೋ ಸಲ ಕೇಳಿದ್ದ ಹೊತ್ತಿಗೆ ಅಪ್ಪ ನನ್ನ ಅಳತೆಯ ಜೆರ್ಸಿ ಹೊಲಿಸಿ, ನಂಬರ್ ಹಾಕಿಸಿ, ಉಪ್ಪಿನ ಡಬ್ಬಿಯನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾ ಕೂತಿದ್ದರು. ಎಣಿಸುವವನಿಗೆ ಅದು ಕಾಣಲಿಲ್ಲ. ಕಂಡದ್ದನ್ನು ಬರೆದೂ ಇಟ್ಟಿದ್ದ, ಆದರೂ ಕಾಣಲಿಲ್ಲ.

ನಾನು ಓಡಿದ್ದು ಮೇಷ್ಟ್ರ ಬಳಿಗೆ.

‘ಸಾರ್, ನಾನು ಆ ಕಡೆ ಆಡ್ತೀನಿ.’

‘ಏನ್ ಆಟ ಆಡ್ತಿದ್ದೀಯ? ನೀನ್ ಲೋಕಲ್ ಪಟ್ಟೀಲಿದೀಯ.’

‘ಪಟ್ಟೀಲಿದೀನಿ ಸಾರ್, ಆದ್ರೆ ಆಡಿಲ್ಲ. ಒಂದ್ ನಿಮಿಷಾನೂ ಆಡಿಲ್ಲ.’ ಬ್ಯಾಗಿನಿಂದ ಡೈರಿ ತೆಗೆದು ಪುಟ ತೋರಿಸಿದೆ.

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. ‘ಹುಲ್ಲಿಗೆ ಕಾಲಿಟ್ಟಿದ್ದೀಯಾ?’

‘ಇಲ್ಲ ಸಾರ್.’

‘ವಾರ್ಮಪ್ಪಿಗೆ?’

‘ಪಾರ್ಕಿಂಗಲ್ಲೇ ಮಾಡ್ದೆ ಸಾರ್.’

‘ನೀರ್ ಕೊಡೋಕೆ?’

‘ಗೆರೆಯಾಚೆಯಿಂದ ಎಸೆದೆ ಸಾರ್. ಒಟ್ಟು ಇಪ್ಪತ್ತು. ಎಲ್ಲಾ ಇಲ್ಲಿದೆ.’

ಅವರು ಎರಡು ಭಾನುವಾರದ ಪುಟಗಳನ್ನೂ ಬೆರಳಿಟ್ಟು ಓದಿದರು. ತಮ್ಮ ರಿಜಿಸ್ಟರಿನೊಂದಿಗೆ ತಾಳೆ ನೋಡಿದರು. ನನ್ನ ಡೈರಿಯನ್ನು ಅಷ್ಟು ಗೌರವದಿಂದ ಓದಿದ ಮೊದಲ ಮನುಷ್ಯ ಅವರೇ. ಏಳು ವರ್ಷದ ನನ್ನ ಎಣಿಕೆ ಒಂದೇ ಒಂದು ಸಲ ಪ್ರಯೋಜನಕ್ಕೆ ಬಂದದ್ದು ಆ ಎರಡು ಸೊನ್ನೆಗಳಿಂದ. ಯಾರಿಗೂ ಬೇಡವಾಗಿ ಬೆಂಚಿನ ಮೇಲೆ ಕೂತದ್ದೇ ನನ್ನ ಅರ್ಹತೆಯಾಯಿತು.

‘ಇಪ್ಪತ್ತೆರಡರೊಳಗಿನೋನು ಪಟ್ಟಿ ಕೊಡೋ ದಿನ ಇದ್ರೆ ಸಾಕು. ನಿಮ್ ಕ್ಯಾಪ್ಟನ್ ಬಿಟ್ಟುಕೊಟ್ರೆ ನಂದೇನಿಲ್ಲ’ ಎಂದರು ಮೇಷ್ಟ್ರು.

ಮಾವ ಎಷ್ಟು ಬೇಗ ಸೈನ್ ಹಾಕಿದರೆಂದರೆ ಪೆನ್ನಿನ ಮುಚ್ಚಳ ತೆಗೆದಿದ್ದನ್ನೇ ನಾನು ನೋಡಲಿಲ್ಲ. ‘ತಗೊಂಡ್ ಹೋಗ್ರೀ, ಫೈನಲ್ಲಿಗೂ ನಮ್ಗೆ ಬೇಡ’ ಎಂದು ಅವರ ತಂಡದವನೊಬ್ಬ ಹಿಂದಿನಿಂದ ಕೂಗಿದ. ಮಾವ ಮಾತ್ರ ಬೆನ್ನು ತಟ್ಟಿ, ‘ಓಡು, ಭಾವನ್ ಕಾಲು ಗೀಲು ಮುರ್ದ್‌ಹೋದ್ರೆ ನಮ್ಮಕ್ಕ ನನ್ನ ಬಿಡಲ್ಲ’ ಎಂದರು.

ಅಪ್ಪನ ಮುಂದೆ ನಿಂತು, ‘ಅಪ್ಪ, ಜೆರ್ಸಿ ಕೊಡಿ. ನಾನು ನಿಮ್ಮ ಕಡೆ’ ಎಂದೆ. ಆ ಕ್ಷಣಕ್ಕಾಗಿ ಮನಸ್ಸಿನಲ್ಲಿ ಹಿನ್ನೆಲೆ ಸಂಗೀತವೂ ಸಿದ್ಧವಾಗಿತ್ತು.

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ನಿನಗ ಯಾರು ಹೇಳಿ ಕಳಿಸಿದ್ರು?’

‘ಯಾರೂ ಇಲ್ಲ. ನಾನೇ ಬಂದೆ.’

‘ಛಲೋ ಆತು. ಕೂಡು ಅಲ್ಲಿ.’ ಬೆಂಚು ತೋರಿಸಿದರು. ‘ಇವತ್ತ ನಾ ಆಡಾವ. ಕಾಲು ಸೋತ್ರ ಕರೀತೀನಿ.’

ಹೀಗೆ ನಾನು ಎರಡನೆಯ ದೇಶದ ಬೆಂಚಿನ ಮೇಲೂ ಕೂತೆ. ಅವರ ಬಳಿ ಬೇರೆ ಜೆರ್ಸಿ ಇರಲಿಲ್ಲ, ಉಳಿದ ಎರಡು ಬಾರದವರ ಹತ್ತಿರವಿದ್ದವು. ಮಾವನ ಬಿಳಿ ಜೆರ್ಸಿಯನ್ನೇ ಒಳಗು ಹೊರಗಾಗಿ ತಿರುಗಿಸಿ ಹಾಕಿಕೊಂಡೆ. ಎದೆಯ ಮೇಲೆ ಹದಿನಾಲ್ಕು ಎಂಬುದು ಉಲ್ಟಾ ಕಾಣುತ್ತಿತ್ತು.

ಅಪ್ಪ ಆಡಿದ್ದನ್ನು ಆಟ ಎಂದು ಕರೆಯಲಾಗದು. ಅವರು ಗೋಲಿನ ಮುಂದೆ ಒಂದು ಕಡೆ ನಿಂತರು. ಓಡಲಿಲ್ಲ. ಚೆಂಡು ಬಂದಾಗ ಅದರ ದಾರಿಗೆ ಅಡ್ಡ ಬಂದರು, ಅಷ್ಟೇ. ಮೊದಲರ್ಧದಲ್ಲಿ ಚೆಂಡು ಹೊಟ್ಟೆಗೆ ಮೂರು ಸಲ, ಬೆನ್ನಿಗೆ ಎರಡು ಸಲ, ಕಿವಿಗೆ ಒಂದು ಸಲ ಬಡಿಯಿತು. ಆರೂ ಗೋಲಾಗಬೇಕಿದ್ದ ಚೆಂಡುಗಳು. ಅವರಿಲ್ಲದ ಕಡೆಯಿಂದ ಮೂರು ಗೋಲು ಹೋದವು. ಎರಡನೇ ಅರ್ಧ ಶುರುವಾದ ಮೇಲೆ ಮಾವ ಚೆಂಡು ಹಿಡಿದು ನೇರ ಅಪ್ಪನ ಕಡೆಗೇ ನುಗ್ಗಿದರು. ಎಡಕ್ಕೆ ಹೋದರೆ ಅಪ್ಪ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ.

‘ಭಾವಾ, ಪಕ್ಕಕ್ಕ್ ಬನ್ರೀ! ಏಟಾಯ್ತದೆ!’ ಎಂದು ಮಾವ ಏದುಸಿರು ಬಿಡುತ್ತಾ ಕೂಗಿದರು.

‘ಇಪ್ಪತ್ಮೂರು ವರ್ಷ ಪಕ್ಕಕ್ಕ ಸರದ ನಿಂತೀನಿ’ ಎಂದರು ಅಪ್ಪ. ‘ಇವತ್ತೊಂದಿನ ಆಗಂಗಿಲ್ಲ.’

ದನಿ ಏರಿಸಿರಲಿಲ್ಲ. ಆದರೂ ಬಲೆಯ ಈಚೆ ಕೂತ ನನಗೆ ಕೇಳಿಸಿತು. ಮಾವ ಒಂದು ಗಳಿಗೆ ನಿಂತುಬಿಟ್ಟರು. ಆ ಗಳಿಗೆಯಲ್ಲಿ ಅಪ್ಪ ಕಾಲು ಚಾಚಿ ಚೆಂಡನ್ನು ಬಲೆಯ ಮೇಲಕ್ಕೆ, ಬಲೆಯಿಂದಲೂ ಆಚೆಗೆ, ತುಮಕೂರು ರಸ್ತೆಯ ದಿಕ್ಕಿಗೆ ಒದ್ದರು. ಅವರ ಜೀವನದ ಏಕೈಕ ಒದೆತ ಅದು. ಕ್ಯಾನ್ವಾಸ್ ಶೂವೂ ಅದರ ಹಿಂದೆಯೇ ಹೋಯಿತು. ದಾಸರಹಳ್ಳಿಯ ನಾಲ್ವರೂ ಕಾಕಾ, ಕಾಕಾ ಎಂದು ಕುಣಿದರು. ಮಾವ ಶೂ ಎತ್ತಿ ತಂದು, ಬಗ್ಗಿ ಅಪ್ಪನ ಕಾಲ ಹತ್ತಿರ ಇಟ್ಟರು.

ಹತ್ತೊಂಬತ್ತನೇ ನಿಮಿಷಕ್ಕೆ ಅಪ್ಪ ಕೈ ಎತ್ತಿದರು. ಗೆರೆಯ ಹತ್ತಿರ ಕುಂಟುತ್ತಾ ಬಂದು ಜೆರ್ಸಿ ಬಿಚ್ಚಲು ಹೋದರು. ಬೆವರಿಗೆ ಅಂಟಿಕೊಂಡು ಅದು ತಲೆಯ ಹತ್ತಿರ ಸಿಕ್ಕಿಹಾಕಿಕೊಂಡಿತು. ಎರಡೂ ಕೈ ಮೇಲೆ, ಮುಖ ಮರೂನ್ ಬಟ್ಟೆಯೊಳಗೆ, ಹೊಟ್ಟೆಯ ಮೇಲೆ ಚೆಂಡಿನ ಕೆಂಪು ಗುರುತುಗಳು.

‘ತಮ್ಮಾ’ ಎಂದು ಒಳಗಿನಿಂದ ದನಿ ಬಂತು. ‘ಸ್ವಲ್ಪ ಜಗ್ಗು ಇದನ್ನ. ಬರವಲ್ದು.’

ನಾನು ಜಗ್ಗಿದೆ. ಎರಡು ಸಲ ಜಗ್ಗಿದ ಮೇಲೆ ಬಂತು. ಒದ್ದೆ ಜೆರ್ಸಿಯನ್ನು ಹಾಗೇ ಹಾಕಿಕೊಂಡೆ. ಎಂ ಆಗಿದ್ದದ್ದು ಅಷ್ಟರಲ್ಲಿ ಎಕ್ಸೆಲ್ ಆಗಿತ್ತು, ನನ್ನ ಮೊಣಕಾಲಿನ ಹತ್ತಿರ ಜೋಲುತ್ತಿತ್ತು. ಹುಲ್ಲಿಗೆ ಕಾಲಿಟ್ಟೆ. ಮೇಷ್ಟ್ರು ರಿಜಿಸ್ಟರಿನಲ್ಲಿ ಬರೆದುಕೊಂಡದ್ದನ್ನು ನೋಡಿದೆ. ಅಲ್ಲಿಗೆ ನನ್ನ ನೇಟಿವ್ ಸಾಯುವವರೆಗೂ ತೀರ್ಮಾನವಾಯಿತು.

ಆಡಿದ ನಿಮಿಷ: ಹನ್ನೊಂದು. ಚೆಂಡು ಕಾಲಿಗೆ ಸಿಕ್ಕಿದ್ದು: ಏಳು ಸಲ. ಅದರಲ್ಲಿ ಎದುರಾಳಿಗೆ ಕೊಟ್ಟದ್ದು: ಐದು. ನಾನು ಇಳಿದ ಮೇಲೆ ಇನ್ನೊಂದು ಗೋಲು ಬಿದ್ದು, ಪಂದ್ಯ ಸೊನ್ನೆ–ನಾಲ್ಕರಿಂದ ಸೋತೆವು. ಮುಂದಿನ ವರ್ಷಕ್ಕೆ ಜಾಗ ಉಳಿಯಿತು. ನಮ್ಮ ಮಹಡಿಯ ಅತ್ಯಂತ ಅನುಭವಿ ಅಂತರರಾಷ್ಟ್ರೀಯ ಆಟಗಾರರು ಹತ್ತೊಂಬತ್ತು ನಿಮಿಷದೊಂದಿಗೆ ಈಗಲೂ ಅಪ್ಪನೇ.

‘ಕೇಳಿದ್ದು’ ಎಂಬ ಕಾಲಮ್ಮಿನಲ್ಲಿ ಅಪ್ಪನ ಕಡೆಯ ಮನೆಗೆ ಒಂದು ಗೀಟು ಹಾಕಿದ್ದೇನೆ. ಜೆರ್ಸಿ ಜಗ್ಗಲು ಹೇಳಿದ್ದು ತಂಡಕ್ಕೆ ಕರೆದಂತಾಗುತ್ತದೆಯೇ ಎಂದು ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ. ಯಾರಿಗೂ ಕೊಡದೆ ಉಳಿಸಿಕೊಂಡಿದ್ದ ಒಂದು ಅಂಕವೂ ನನ್ನ ಹತ್ತಿರ ಇತ್ತು, ಅದನ್ನೂ ಅಲ್ಲೇ ಹಾಕಿದೆ. ಒಟ್ಟು ಮೂವತ್ತೊಂಬತ್ತು. ಇನ್ನೂ ಇಪ್ಪತ್ತೆರಡು ಅಂಕಗಳಿಂದ ಸೋತಿರುವ ಕಡೆಗೇ ನಾನು ಸೇರಿದವನು.

ಸ್ಕೂಟರಿನಲ್ಲಿ ಅಪ್ಪನ ಹಿಂದೆ ಕೂತು ಗಂಗಾನಗರಕ್ಕೆ ಬಂದಾಗ ಮಧ್ಯಾಹ್ನ ಒಂದೂವರೆ. ಅಪ್ಪ ಬನಿಯನ್ನಿನ ಮೇಲೆ ಜರ್ಕಿನ್ ಹಾಕಿದ್ದರು. ನಾನು ಇನ್ನೂ ಆ ಮರೂನ್ ಗೌನಿನಲ್ಲೇ ಇದ್ದೆ. ಮಾವ ಆಗಲೇ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದರು ಎಂದು ಕಾಣುತ್ತದೆ. ಅಜ್ಜಿ ಬಾಗಿಲಿನಲ್ಲಿ ಕೂತಿದ್ದರು. ನಮ್ಮಿಬ್ಬರನ್ನೂ ನೋಡಿ, ಮಹಡಿಯ ಕಡೆಗೆ ಮುಖ ಎತ್ತಿ ಅಮ್ಮನಿಗೆ ಕೂಗಿ ಹೇಳಿದರು.

‘ಏ, ಅನ್ನಕ್ಕಿಡೇ. ಆ ಕಡೆಯೋರು ಇಬ್ರೂ ಬಂದ್ರು.’

ಅಪ್ಪ ನಕ್ಕರು. ಗೇಟು ಹಾಕದೆಯೇ ಮೆಟ್ಟಿಲು ಹತ್ತಿದರು. ನಾನೂ ಹಾಕಲಿಲ್ಲ.